ಕಾರ್ಯಪ್ಪನವರ ಮನೆ ಕಡೆಯ ಕಥೆ

ಎಲ್ಲರಿಗೂ ನಮಸ್ಕಾರ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅಂದ ತಕ್ಷಣ ನಮ್ಗೆ ನೆನಪಾಗೋದು ಆ ಮೀಸೆ, ಯೂನಿಫಾರ್ಮು, ಎದೆ ಮೇಲೆ ಸಾಲು ಸಾಲು ಮೆಡಲ್ಲು. ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದವರು, 1949ರ ಜನವರಿ 15ಕ್ಕೆ ಆಗಿನ ಬ್ರಿಟಿಷ್ ಸೇನಾ ಮುಖ್ಯಸ್ಥ ಜನರಲ್ ಬುಚರ್ ಕೈಯಿಂದ ಸೇನೆಯ ಅಧಿಕಾರ ವಹಿಸ್ಕೊಂಡ್ರು, ಅದಕ್ಕೇ ಆ ದಿನ ಸೇನಾ ದಿನ, ಇದೆಲ್ಲ ಸ್ಕೂಲ್ ಮಕ್ಕಳೂ ಹೇಳ್ತಾರೆ. ಆದ್ರೆ ಅದೇ ಹೊತ್ತಿಗೆ ಅವರ ಮನೇಲಿ ತಾಯಿ ಇಲ್ಲದ ಇಬ್ಬರು ಮಕ್ಕಳಿದ್ರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

1937ರಲ್ಲಿ ಮದುವೆ ಆಯ್ತು, ಸಂಸಾರ ಸರಿಹೋಗ್ಲಿಲ್ಲ, 1945ರ ಹೊತ್ತಿಗೆ ಗಂಡ ಹೆಂಡ್ತಿ ಬೇರೆ ಆದ್ರು, ಮೂರು ವರ್ಷ ಕಳೆದು ಆಕೆ ಅಪಘಾತದಲ್ಲಿ ತೀರ್ಕೊಂಡ್ರು. ದೊಡ್ಡವರ ಜೀವನ ಹೇಳೋವಾಗ ಇದನ್ನ ಮುಚ್ಚಿಡೋದು ನಮ್ಮಲ್ಲಿ ಅಭ್ಯಾಸ, ನಂಗೆ ಅದು ಇಷ್ಟ ಇಲ್ಲ. ಮಗ ನಂದಾಗೆ ಆಗ ಹತ್ತು ವರ್ಷ, ಮಗಳು ನಳಿನಿ ಇನ್ನೂ ಪುಟ್ಟ ಹುಡುಗಿ. ಒಂದು ಕಡೆ ಪಾಕಿಸ್ತಾನದ ಜೊತೆ ಕಾಶ್ಮೀರದ ಯುದ್ಧ, ಜೊಜಿಲಾ, ದ್ರಾಸ್, ಕಾರ್ಗಿಲ್‌ನಲ್ಲಿ ಕಾದಾಟ, ಇನ್ನೊಂದು ಕಡೆ ಈ ಇಬ್ಬರು ಮಕ್ಕಳ ಜವಾಬ್ದಾರಿ.

ಮುದ್ದು ಮಾಡಿ ಬೆಳೆಸಿದ್ರಾ ಅಂದ್ರೆ, ಅದೂ ಇಲ್ಲ. ಮಕ್ಕಳು ದಿನಾ ಆರ್ಮಿ ಟ್ರಕ್ಕಲ್ಲಿ ಸ್ಕೂಲಿಗೆ ಹೋಗ್ತಿದ್ರಂತೆ, ಒಂದಿನ ಅದು ಬರ್ಲಿಲ್ಲ, ಪಾಪ ಎಡಿಸಿ ಸಾಹೇಬ್ರು, ಅಂದ್ರೆ ಅಪ್ಪನ ಜೊತೆಗಿದ್ದ ಸಹಾಯಕ ಅಧಿಕಾರಿ, ಲೇಟಾಗತ್ತೆ ಅಂತ ಅಪ್ಪನ ಸ್ಟಾಫ್ ಕಾರಲ್ಲೇ ಕಳಿಸಿಬಿಟ್ರು. ಗೊತ್ತಾದಾಗ ಕಾರ್ಯಪ್ಪನವರು ಕೆಂಡಾಮಂಡಲ! ಸರ್ಕಾರದ ಕಾರು ಮನೆ ಮಕ್ಕಳಿಗಲ್ಲ ಅಂತ ಬೈದು, ಅದರ ಖರ್ಚನ್ನ ತಮ್ಮ ಸಂಬಳದಲ್ಲೇ ಹಿಡ್ಕೊಳ್ಳೋಕೆ ಹೇಳಿದ್ರು, ಇದು ಮಗನೇ ಆಮೇಲೆ ನೆನಪಿಸ್ಕೊಂಡಿರೋ ವಿಷಯ. ಈಗ ಸರ್ಕಾರಿ ಜೀಪಲ್ಲಿ ಮಕ್ಕಳು ಟ್ಯೂಷನ್ನಿಗೆ ಹೋಗೋದನ್ನ ನೋಡಿದವರಿಗೆ ನಗು ಬರಬಹುದು, ಇರ್ಲಿ ಬಿಡಿ.

ಆ ಮಗ ಏರ್‌ಫೋರ್ಸ್ ಸೇರಿದ್ರು. 1965ರ ಯುದ್ಧದ ಕಡೇ ದಿನಗಳು, ಸೆಪ್ಟೆಂಬರ್ 22, ಅವರ ಹಂಟರ್ ವಿಮಾನಕ್ಕೆ ನೆಲದಿಂದ ಗುಂಡು ಬಿತ್ತು, ಹೊರಕ್ಕೆ ಹಾರಿಕೊಂಡ್ರು, ಬೆನ್ನುಮೂಳೆಗೆ ಪೆಟ್ಟಾಗಿ ಪಾಕಿಸ್ತಾನದವರ ಕೈಗೆ ಸಿಕ್ಕಿಬಿದ್ರು. ಅಲ್ಲಿ ಅಧ್ಯಕ್ಷರಾಗಿದ್ದ ಅಯೂಬ್ ಖಾನ್, ದೇಶ ಭಾಗ ಆಗೋಕೆ ಮುಂಚೆ ಇದೇ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಸೆರೆಸಿಕ್ಕ ಸುದ್ದಿ ಪಾಕಿಸ್ತಾನ್ ರೇಡಿಯೋದಲ್ಲೇ ಬಂತು, ಬೇಕಾದ್ರೆ ಮಗನ್ನ ಬಿಟ್ಟು ಕಳಿಸ್ತೀವಿ ಅಂತ ಅಯೂಬ್ ಹೇಳಿಕಳಿಸಿದ್ರು ಅಂತಾರೆ. ಕಾರ್ಯಪ್ಪನವರ ಉತ್ತರ ಚಿಕ್ಕದು, ಬಿಟ್ರೆ ಎಲ್ಲರನ್ನೂ ಬಿಡಿ ಇಲ್ಲಾಂದ್ರೆ ಯಾರನ್ನೂ ಬೇಡ, ನನ್ನ ಮಗ ಅಂತ ವಿಶೇಷ ಉಪಚಾರನೂ ಬೇಡ.

ಇದನ್ನ ಕೇಳಿ ಎಂಥ ಕಲ್ಲು ಮನಸ್ಸು ಅನ್ನೋರಿದ್ದಾರೆ. ನಂಗೆ ಹಾಗನ್ಸಲ್ಲ. ರಿಟೈರ್ ಆಗಿ ಹನ್ನೆರಡು ವರ್ಷ ಆಗಿತ್ತು, ಹೂಂ ಅಂದಿದ್ರೆ ಯಾರು ಬೈತಿದ್ರು ಹೇಳಿ? ಆದ್ರೆ ಅಲ್ಲಿ ಸೆರೆಯಲ್ಲಿದ್ದ ಉಳಿದ ಹುಡುಗರ ಅಪ್ಪಂದಿರಿಗೆ ಅಯೂಬ್ ಖಾನ್ ಪರಿಚಯ ಇರ್ಲಿಲ್ವಲ್ಲ! ಅಷ್ಟು ಕಷ್ಟದಲ್ಲೂ ಅವರ ಲೆಕ್ಕ ಇವರ ತಲೇಲಿತ್ತು, ಮಗ ಅಂದ್ರೆ ಏನು ಅಂತ ಗೊತ್ತಿದ್ದವರಿಗೇ ಆ ಲೆಕ್ಕ ಹೊಳೆಯೋದು.

ಆ ಕಡೆ ಅಯೂಬರ ಹೆಂಡ್ತಿ, ಮಗ ಬಂದು ನಂದಾ ಅವರನ್ನ ನೋಡ್ಕೊಂಡು, ಸಿಗರೇಟು, ಓದೋಕೆ ಒಂದು ನಾವೆಲ್ಲು ಕೊಟ್ಟು ಹೋದ್ರಂತೆ. 1966ರ ಜನವರಿಯಲ್ಲಿ ಬಿಡುಗಡೆ ಆಯ್ತು. ಮುಂದೆ ಅವರು ಏರ್ ಮಾರ್ಷಲ್ ಆದ್ರು.

ಅಪ್ಪನಿಗೆ ಫೀಲ್ಡ್ ಮಾರ್ಷಲ್ ಪದವಿ ಬಂದಿದ್ದು 1986ರಲ್ಲಿ, ಅಷ್ಟೊತ್ತಿಗೆ ಎಂಬತ್ತೇಳು ವಯಸ್ಸು. ಅದಕ್ಕೂ ಎಷ್ಟೋ ಮುಂಚೆ, 1964ರಲ್ಲಿ, ಮಾಜಿ ಸೈನಿಕರಿಗೋಸ್ಕರ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಕಟ್ಟಿದ್ರು. 1993ರ ಮೇ 15ಕ್ಕೆ ಬೆಂಗಳೂರಲ್ಲಿ ತೀರ್ಕೊಂಡಾಗ ಮಡಿಕೇರಿಯ ಅಂತ್ಯಕ್ರಿಯೆಗೆ ಮಾಣಿಕ್ ಷಾ ಅವರೂ ಬಂದಿದ್ರು. ಅಪ್ಪನ ಬಗ್ಗೆ ನಂದಾ ಅವರೇ ಒಂದು ಪುಸ್ತಕ ಬರ್ದಿದ್ದಾರೆ, ಇಂಗ್ಲಿಷಲ್ಲಿದೆ, ಲೈಬ್ರರೀಲಿ ಸಿಕ್ರೆ ತಗೊಂಡು ಓದಿ. ನಮಸ್ಕಾರ.