ಹಳೇ ಗೊಬ್ಬರ ಬೇರೆ, ಕಳಿತ ಗೊಬ್ಬರ ಬೇರೆ

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡದಲ್ಲಿ ಒಂದು ಮಜಾ ಇದೆ, ಗಮನಿಸಿದ್ದೀರಾ? ಹಸು ಹಾಕಿದರೆ ಸಗಣಿ. ಕುದುರೆ ಹಾಕಿದರೆ ಲದ್ದಿ. ಆಡು, ಕುರಿ ಹಾಕಿದರೆ ಹಿಕ್ಕೆ. ಒಂದೊಂದಕ್ಕೂ ಒಂದೊಂದು ಮರ್ಯಾದೆಯ ಹೆಸರು. ನಾಯಿ, ಬೆಕ್ಕಿನದಕ್ಕೆ ಮಾತ್ರ ಆ ಭಾಗ್ಯ ಇಲ್ಲ. ಅದಕ್ಕೆ ಮನುಷ್ಯರದ್ದೇ ಹೆಸರು, ಅದನ್ನು ಮೈಕ್ ಮುಂದೆ ಹೇಳುವ ಹಾಗಿಲ್ಲ. ಯಾವುದು ತಿಪ್ಪೆಗೆ, ಯಾವುದು ಬೇಡ ಅನ್ನೋದು ಹೆಸರಿಟ್ಟವರಿಗೆ ಗೊತ್ತಿತ್ತೇನೋ.

ಇವತ್ತು ನಾನು ಒಂದು ಮಾತಿನ ಜೊತೆ ಜಗಳಕ್ಕೆ ಬಂದಿದ್ದೇನೆ. "ಗೊಬ್ಬರ ತಾನೇ, ನೈಸರ್ಗಿಕ, ಏನೂ ಆಗಲ್ಲ." ಈ ಮಾತನ್ನು ನಾನೂ ನಂಬಿದ್ದೆ. ತೋಟದ ಹುಚ್ಚು ಹಿಡಿದ ಹೊಸತರಲ್ಲಿ ಒಂದು ಮೂಟೆ ಕೋಳಿ ಗೊಬ್ಬರ ತಂದೆ. ಆರು ತಿಂಗಳ ಹಳೇದು ಅಂದರು. ಮೂಟೆ ಬಿಚ್ಚಿದ ಕೂಡಲೇ ಘಾಟು ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಬುದ್ಧಿ ಇದ್ದವರು ಅಲ್ಲೇ ನಿಲ್ಲಿಸುತ್ತಿದ್ದರು. ನಾನು ಪ್ರತಿ ಟೊಮೆಟೊ ಸಸಿಯ ಬುಡಕ್ಕೂ ಧಾರಾಳವಾಗಿ ಒಂದೊಂದು ಬೊಗಸೆ ಸುರಿದೆ. ಮೂರನೇ ದಿನ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿತು, ಬೆಂಕಿಗೆ ಹಿಡಿದ ಕಾಗದದ ಹಾಗೆ. ವಾರದಲ್ಲಿ 11 ಸಸಿಗಳಲ್ಲಿ 8 ಹೋದವು.

ಆ ಘಾಟು ಅಮೋನಿಯಾ. ಕೋಳಿ ಮೂತ್ರ, ಮಲ ಎರಡನ್ನೂ ಒಟ್ಟಿಗೇ ಹಾಕುತ್ತದೆ, ಹಾಗಾಗಿ ಸಾರಜನಕ ಜಾಸ್ತಿ. ಉಪ್ಪಿನಂಶವೂ ಇರುತ್ತದೆ. ಎಳೇ ಬೇರು ಸುಡೋಕೆ ಇಷ್ಟು ಸಾಕು. ಆ ಗೊಬ್ಬರ ಆರು ತಿಂಗಳ ಹಳೇದು ಅಂದಿದ್ದು ಸುಳ್ಳು ಅಂತ ನಾನು ಹೇಳಲ್ಲ. ಹಳೇದೇ ಇರಬಹುದು. ಕಳಿತಿರಲಿಲ್ಲ, ಅಷ್ಟೇ. ಗೊಬ್ಬರ ಕಳಿಯೋಕೆ ನೀರು ಬೇಕು, ಗಾಳಿ ಬೇಕು. ಮೂಟೆಯಲ್ಲಿ ಕಟ್ಟಿ ಮೂಲೆಗಿಟ್ಟರೆ ಅದು ಒಣಗುತ್ತದೆ, ಕಳಿಯಲ್ಲ. ಸಾಲ್ಮೊನೆಲ್ಲಾದಂಥ ರೋಗಾಣುಗಳು ಒಣ ಗೊಬ್ಬರದಲ್ಲೂ ತಿಂಗಳುಗಟ್ಟಲೆ ಬದುಕಿರಬಲ್ಲವು. ಸಸಿ ಸತ್ತಿದ್ದಾದರೂ ಕಣ್ಣಿಗೆ ಕಂಡಿತು. ಇವು ಕಾಣುವುದೂ ಇಲ್ಲ. ಆರೋಗ್ಯವಾಗಿರುವ ಹಸುವಿನ ಸಗಣಿಯಲ್ಲೂ ಮನುಷ್ಯರ ಹೊಟ್ಟೆ ಕೆಡಿಸುವ ಇ. ಕೋಲಿ ಇರಬಹುದು. ಹಸುವಿಗೆ ಅದರಿಂದ ಏನೂ ಆಗಲ್ಲ.

ಹಾಗಾದರೆ ಕಳಿಸೋದು ಹೇಗೆ? ರಾಶಿ ಕನಿಷ್ಠ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ ಇರಲಿ. ಚಿಕ್ಕ ಗುಡ್ಡೆ ಮಾಡಿದರೆ ಕಾವು ನಿಲ್ಲಲ್ಲ. ಸಗಣಿ ಒಂದು ಪದರ, ಒಣ ಎಲೆಯೋ ಹುಲ್ಲೋ ಒಂದು ದಪ್ಪ ಪದರ, ಹೀಗೇ ಮೇಲಕ್ಕೆ. ಹಿಂಡಿದ ಬಟ್ಟೆಯಷ್ಟು ತೇವ ಸಾಕು. ಎರಡು ಮೂರು ದಿನ ಬಿಟ್ಟು ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ ನೋಡಿ. ಹಿಡಿದುಕೊಳ್ಳೋಕೆ ಆಗದಷ್ಟು ಬಿಸಿ ಇದ್ದರೆ ಕೆಲಸ ಶುರುವಾಗಿದೆ. ಬೆಳಿಗ್ಗೆ ಚಳಿಯಲ್ಲಿ ರಾಶಿ ಕೆದಕಿದರೆ ಹಬೆ ಏಳುತ್ತದೆ. ಅದನ್ನು ನೋಡೋದು ನನಗಂತೂ ದೊಡ್ಡ ಖುಷಿ, ಮನೆಯವರಿಗೆ ಇದು ಯಾಕೋ ಅರ್ಥವಾಗಲ್ಲ. ಕೈಗಿಂತ ಥರ್ಮಾಮೀಟರ್ ನಂಬಿಕೆಯದು. ಅಮೆರಿಕದ ಸಾವಯವ ನಿಯಮದ ಪ್ರಕಾರ ಇಂಥ ತೆರೆದ ರಾಶಿ 55ರಿಂದ 77 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 15 ದಿನ ಇರಬೇಕು, ಅಷ್ಟರಲ್ಲಿ ಕನಿಷ್ಠ 5 ಸಲ ಮಗುಚಬೇಕು. ಮಗುಚದಿದ್ದರೆ ಹೊರಗಿನದು ತಣ್ಣಗೇ ಉಳಿಯುತ್ತದೆ. ಅದರಲ್ಲಿರುವ ರೋಗಾಣು, ಕಳೆ ಬೀಜ ಎಲ್ಲಾ ಹಾಯಾಗಿರುತ್ತವೆ. ಆಮೇಲೆ ಒಂದೆರಡು ತಿಂಗಳು ಸುಮ್ನೆ ಬಿಡಿ. ಕೈಗೆತ್ತಿಕೊಂಡರೆ ಮಣ್ಣಿನ ವಾಸನೆ ಬರಬೇಕು, ಸಗಣಿ ವಾಸನೆ ಅಲ್ಲ.

ಇಷ್ಟೆಲ್ಲಾ ಆಗಲ್ಲ, ಹಸಿಯದನ್ನೇ ಹಾಕುತ್ತೇನೆ ಅನ್ನುತ್ತೀರಾ? ಹಾಕಿ, ಆದರೆ ಕಾಯಿರಿ. ಅದೇ ನಿಯಮದಲ್ಲಿ ಹಸಿ ಗೊಬ್ಬರಕ್ಕೂ ಲೆಕ್ಕ ಇದೆ. ಮಣ್ಣಿಗೆ ತಾಗುವ ಸೊಪ್ಪು, ಗೆಡ್ಡೆಗಳಾದರೆ ಗೊಬ್ಬರ ಸೇರಿಸಿ 120 ದಿನ ಆಗುವವರೆಗೆ ಕೊಯ್ಯುವ ಹಾಗಿಲ್ಲ. ಮಣ್ಣಿಗೆ ತಾಗದ ಬೆಳೆಗೆ 90 ದಿನ. ಸೊಪ್ಪು ಅಷ್ಟು ದಿನ ನಿಲ್ಲಲ್ಲ ಅಲ್ವಾ? ಅಂದರೆ ಸೊಪ್ಪಿನ ಮಡಿಗೆ ಹಸಿ ಗೊಬ್ಬರ ಬೇಡವೇ ಬೇಡ. ಹಸಿ ಸಗಣಿ ನೀರನ್ನು ಎಲೆಯ ಮೇಲೆ ಎರಚುವವರನ್ನು ಕಂಡರಂತೂ ನನಗೆ ಮೈ ಉರಿಯುತ್ತದೆ.

ನಾಯಿ, ಬೆಕ್ಕಿನದು ರಾಶಿಗೂ ಬೇಡ. ಅದರಲ್ಲಿ ಜಂತುಹುಳದ ಮೊಟ್ಟೆಗಳಿರಬಹುದು. ಬೆಕ್ಕಿನದರಲ್ಲಿ ಬರುವ ಟೊಕ್ಸೊಪ್ಲಾಸ್ಮಾ ಅನ್ನೋ ರೋಗಾಣು ಗರ್ಭಿಣಿಯರ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಕೈಗವಸು, ಸೋಪು ಇವನ್ನೆಲ್ಲ ನಾನು ಹೇಳಬೇಕಿಲ್ಲ. ಧನುರ್ವಾಯು ಇಂಜೆಕ್ಷನ್ ಯಾವಾಗ ತೆಗೆದುಕೊಂಡದ್ದು ಅಂತ ಮಾತ್ರ ಒಮ್ಮೆ ನೆನಪು ಮಾಡಿಕೊಳ್ಳಿ.

ಕೊನೆಗೆ ಒಂದು ವಿಷಯ, ಕಾವಿಗೂ ಬಗ್ಗದ್ದು. ಅಮಿನೊಪೈರಾಲಿಡ್‌ನಂಥ ಕಳೆನಾಶಕ ಹೊಡೆದ ಹುಲ್ಲನ್ನು ದನ, ಕುದುರೆ ತಿಂದರೆ ಔಷಧಿ ಹಾಗೇ ಸಗಣಿಗೆ ಬರುತ್ತದೆ. ಚೆನ್ನಾಗಿ ಕಳಿತ ಗೊಬ್ಬರದಲ್ಲೂ ಉಳಿಯಬಹುದು. ಬ್ರಿಟನ್ನಿನಲ್ಲಿ 2008ರಲ್ಲಿ ತೋಟದವರ ಗಿಡಗಳೆಲ್ಲ ಮುರುಟಿಕೊಂಡಾಗ ಅದರ ಮಾರಾಟವನ್ನೇ ಕೆಲ ಕಾಲ ನಿಲ್ಲಿಸಬೇಕಾಯಿತು. ನಾನಂತೂ ಹೊಸ ಗೊಬ್ಬರ ಬಂದರೆ ಮೊದಲು ಆರು ಲೋಟ ಇಡುತ್ತೇನೆ. ಮೂರರಲ್ಲಿ ಬರೀ ಮಣ್ಣು, ಮೂರರಲ್ಲಿ ಗೊಬ್ಬರ ಬೆರೆಸಿದ ಮಣ್ಣು. ಎಲ್ಲದಕ್ಕೂ ಹುರುಳಿಕಾಯಿ ಬೀಜ. ಗೊಬ್ಬರದ ಲೋಟದಲ್ಲಿ ಮಾತ್ರ ಎಲೆ ಬಟ್ಟಲಿನ ಹಾಗೆ ಸುರುಳಿ ಸುತ್ತಿದರೆ ಆ ಗೊಬ್ಬರ ತೋಟಕ್ಕೆ ಇಳಿಯಲ್ಲ. ಈ ಸಲದ ಲೋಟಗಳು ಈಗ ಕಿಟಕಿಯಲ್ಲಿವೆ. ಹದಿನಾಲ್ಕನೇ ದಿನ. ಆರೂ ಲೋಟದಲ್ಲಿ ಎಲೆ ಚಪ್ಪಟೆಯಾಗಿದೆ. ಇನ್ನೊಂದು ವಾರ ನೋಡಿ ಮೂಟೆ ಬಿಚ್ಚುತ್ತೇನೆ.