ನೀವು ಒತ್ತಿದ ಅಕ್ಷರ ಎಲ್ಲಿಂದ ಬಂತು? ಸ್ವಂತ ಎಸ್‌ಎಸ್‌ಎಚ್ ಕ್ಲೈಂಟ್ ಕಟ್ಟಿದಾಗ ಕಂಡದ್ದು

[ಸ್ಕ್ರೀನ್ ತುಂಬ ಕಪ್ಪು ಟರ್ಮಿನಲ್. ಕರ್ಸರ್ ಮಿನುಗುತ್ತಿದೆ.]

ನಮಸ್ಕಾರ. ಹೋದ ವಿಡಿಯೋ ನೋಡಿದ ಒಬ್ಬರು ಹೀಗೆ ಕೇಳಿದ್ದರು: "ಸರ್ವರ್‌ನಲ್ಲಿ ಸುಡೋ ಕೊಟ್ಟು ಪಾಸ್‌ವರ್ಡ್ ಟೈಪ್ ಮಾಡುವಾಗ ಒಂದು ಚುಕ್ಕಿ ಕೂಡ ಬರುವುದಿಲ್ಲ. ಕೀಬೋರ್ಡೇ ಕೆಟ್ಟಿದೆ ಅಂದುಕೊಂಡೆ. ಆ ಅಕ್ಷರಗಳನ್ನು ಬಚ್ಚಿಡುವುದು ಯಾರು, ನನ್ನ ಲ್ಯಾಪ್‌ಟಾಪಾ, ಸರ್ವರಾ?"

ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ! (ಸುಡೋ ಅಂದರೆ ಅಡ್ಮಿನ್ ಹಕ್ಕಿನಿಂದ ಕೆಲಸ ಮಾಡಿಸುವ ಕಮಾಂಡ್.) ಬಾಯಿಮಾತಿನಲ್ಲಿ ಉತ್ತರ ಹೇಳುವ ಬದಲು ಒಂದು ಎಸ್‌ಎಸ್‌ಎಚ್ ಕ್ಲೈಂಟನ್ನೇ ಬರೆದು ನೋಡೋಣ ಅಂತ ಕೂತೆ. ಎಸ್‌ಎಸ್‌ಎಚ್ ಅಂದರೆ ದೂರದ ಸರ್ವರ್‌ಗೆ ಗುಟ್ಟಾಗಿ ಸೇರಿ ಕೆಲಸ ಮಾಡುವ ದಾರಿ, ಕ್ಲೈಂಟ್ ಅಂದರೆ ಅದಕ್ಕೆ ನಮ್ಮ ಕಡೆ ಓಡುವ ಪ್ರೋಗ್ರಾಮ್. ಎರಡು ವಾರಾಂತ್ಯ ಹಿಡಿಯಿತು. ಕಷ್ಟದ ಭಾಗ ಗೂಢಲಿಪಿಯದ್ದು ಅಂದುಕೊಂಡಿದ್ದೆ. ಅದು ಒಂದು ಸಂಜೆಯಲ್ಲೇ ಮುಗಿಯಿತು. ಉಳಿದ ಸಮಯವೆಲ್ಲ ಹೋದದ್ದು ಈ ಕಪ್ಪು ಪರದೆಗೆ.

ಮೂಲ ಕಥೆ ಬೇಗ ಹೇಳಿಬಿಡುತ್ತೇನೆ. 1995. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಕದ್ದು ಕೇಳಿ ಪಾಸ್‌ವರ್ಡ್‌ಗಳನ್ನು ಹೊತ್ತೊಯ್ದರು. ದೂರದ ಕಂಪ್ಯೂಟರಿಗೆ ಸೇರಲು ಆಗ ಎಲ್ಲರೂ ಬಳಸುತ್ತಿದ್ದ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ತಂತಿ ಮೇಲೆ ಇದ್ದಹಾಗೇ ಹೋಗುತ್ತಿತ್ತು. ಅಲ್ಲಿದ್ದ ತಾತು ಯುಲೋನೆನ್ ಅದಕ್ಕೆ ಪರಿಹಾರವಾಗಿ ಎಸ್‌ಎಸ್‌ಎಚ್ ಬರೆದರು. ಫೈಲ್ ಕಳಿಸುವ ಎಫ್‌ಟಿಪಿಗೆ ಪೋರ್ಟ್ (ಸರ್ವರ್‌ನ ಬಾಗಿಲಿನ ನಂಬರ್ ಅನ್ನಿ) 21, ಟೆಲ್ನೆಟ್‌ಗೆ 23. ನಡುವೆ 22 ಖಾಲಿ ಇತ್ತು. ಕೇಳಿದರು, ಸಿಕ್ಕಿತು. ಇವತ್ತಿಗೂ ಅದೇ ನಂಬರ್. ನಾವು ಜಾಸ್ತಿ ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂ ಕಟ್ಟುವ ತಂಡದಿಂದ ಬಂತು.

ಈಗ ಕೋಡ್. ಗೋ ಭಾಷೆ ಹಿಡಿದೆ, ಯಾಕೆಂದರೆ ಅದರಲ್ಲಿ ಎಸ್‌ಎಸ್‌ಎಚ್ ಲೈಬ್ರರಿ ಚೆನ್ನಾಗಿದೆ. ಸರ್ವರ್‌ಗೆ ಡಯಲ್ ಮಾಡು, ಸೆಷನ್ ತೆರೆ, ಟರ್ಮಿನಲ್ ಕೇಳು, ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಮ್) ಶುರು ಮಾಡು. ನಲವತ್ತು ಸಾಲೂ ಆಗಲಿಲ್ಲ. ಓಡಿಸಿದೆ. ಸರ್ವರ್‌ನ ಪ್ರಾಂಪ್ಟ್, ಅಂದರೆ 'ಕಮಾಂಡ್ ಕೊಡಿ' ಅನ್ನುವ ಗುರುತು, ಬಂತು!

[ಸ್ಕ್ರೀನ್: ಒಂದೇ ಕಮಾಂಡ್ ಎರಡು ಸಲ ಕಾಣುತ್ತದೆ.]

ಇಲ್ಲಿ ನೋಡಿ. ಫೈಲುಗಳ ಪಟ್ಟಿ ತೋರಿಸುವ ಕಮಾಂಡ್ 'ಎಲ್‌ಎಸ್' ಅಂತ ಒಂದೇ ಸಲ ಟೈಪ್ ಮಾಡಿದ್ದೇನೆ, ಸ್ಕ್ರೀನ್ ಮೇಲೆ ಎರಡು ಸಲ ಇದೆ. ಓಡುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ 'ಟಾಪ್' ಓಡಿಸಿ ಹೊರಬರಲು ಕ್ಯೂ ಒತ್ತಿದೆ, ಅದು ಅಲ್ಲಾಡಲಿಲ್ಲ. ಎಂಟರ್ ಒತ್ತಿದ ಮೇಲಷ್ಟೇ ಬಿಟ್ಟಿತು. ಸರ್ವರ್‌ನಲ್ಲಿ ಓಡುತ್ತಿದ್ದ ಒಂದು ಕೆಲಸ ನಿಲ್ಲಿಸೋಣ ಅಂತ ಕಂಟ್ರೋಲ್-ಸಿ ಒತ್ತಿದರೆ ನನ್ನ ಕ್ಲೈಂಟೇ ಸತ್ತಿತು.

ಆಮೇಲೆ ಸುಡೋ ಕೊಟ್ಟೆ. ಪಕ್ಕದಲ್ಲಿ ಕಾಫಿ ಹಿಡಿದು ನಿಂತಿದ್ದ ಗೆಳೆಯ ಮೆಲ್ಲಗೆ ಹೇಳಿದ: "ಲೋ, ನಿನ್ನ ಪಾಸ್‌ವರ್ಡ್ ಪೂರ್ತಿ ಕಾಣಿಸ್ತಿದೆ ಕಣೋ."

ಅಲ್ಲಿ ನನಗೆ ವಿಷಯ ಹೊಳೆಯಿತು.

[ಸ್ಕ್ರೀನ್: ಹೋಟೆಲಿನ ಚಿತ್ರ. ಮೇಜು, ಮಾಣಿ, ಅಡುಗೆಮನೆಯ ಕಿಟಕಿ.]

ಒಂದು ಹೋಟೆಲಿಗೆ ಹೋಗೋಣ. ನೀವು ಕೂತಿದ್ದೀರಿ. ಮಾಣಿ ಬಂದ. "ಒಂದು ಮಸಾಲೆ... ಬೇಡ ಬೇಡ, ಒಂದು ಸೆಟ್ ದೋಸೆ, ಆಮೇಲೆ ಕಾಫಿ." ಆತ ಸಮಾಧಾನದಿಂದ ಪೂರ್ತಿ ಕೇಳಿಸಿಕೊಂಡು, "ಒಂದು ಸೆಟ್, ಒಂದು ಕಾಫಿ" ಅಂತ ನಿಮಗೇ ತಿರುಗಿ ಹೇಳಿ, ಆಮೇಲೆ ಒಳಗೆ ಹೋಗುತ್ತಾನೆ. ನೀವು ಮನಸ್ಸು ಬದಲಿಸಿದ್ದು ಅಡುಗೆ ಭಟ್ಟರಿಗೆ ಗೊತ್ತೇ ಆಗುವುದಿಲ್ಲ.

ನಿಮ್ಮ ಕಂಪ್ಯೂಟರಿನೊಳಗೆ ಇಂಥ ಒಬ್ಬ ಮಾಣಿ ಇದ್ದಾನೆ. ಕೀಬೋರ್ಡಿಗೂ ಪ್ರೋಗ್ರಾಮಿಗೂ ನಡುವೆ ನಿಂತಿರುತ್ತಾನೆ. ನೀವು ಒತ್ತಿದ ಅಕ್ಷರವನ್ನು ಸ್ಕ್ರೀನ್ ಮೇಲೆ ಬರೆಯುವವನು ಅವನೇ. ಬ್ಯಾಕ್‌ಸ್ಪೇಸ್ ಒತ್ತಿದರೆ ಅಳಿಸುತ್ತಾನೆ. ಎಂಟರ್ ಒತ್ತಿದ ಮೇಲೆ ಇಡೀ ಸಾಲನ್ನು ಪ್ರೋಗ್ರಾಮಿಗೆ ಕೊಡುತ್ತಾನೆ. ಯುನಿಕ್ಸ್ ಲೋಕದಲ್ಲಿ ಇದಕ್ಕೆ ಕುಕ್ಡ್ ಮೋಡ್ ಅಂತ ಹೆಸರು. ಅಂದರೆ ಬೇಯಿಸಿ ಕೊಡುವುದು! ಅಡುಗೆಮನೆ ಹೋಲಿಕೆಗೆ ನಾನು ಹುಟ್ಟಿಸಿದ ಹೆಸರಲ್ಲ, ನಿಜವಾಗಿಯೂ ಹಾಗೇ ಕರೆಯುತ್ತಾರೆ.

ಎಸ್‌ಎಸ್‌ಎಚ್ ಬಂದಾಗ ಏನಾಗುತ್ತದೆ? ಸರ್ವರ್‌ನಲ್ಲೂ ಇಂಥದೇ ಒಬ್ಬ ಮಾಣಿ ಇದ್ದಾನೆ. ಈಗ ಇಬ್ಬರಾದರು. ಇಲ್ಲಿಯವನು 'ಎಲ್‌ಎಸ್' ಅಂತ ಒಮ್ಮೆ ಹೇಳಿದ, ಅಲ್ಲಿಯವನು ಇನ್ನೊಮ್ಮೆ ಹೇಳಿದ. ನನಗೆ ಎರಡು ಸಲ ಕಂಡದ್ದು ಅದಕ್ಕೇ. ಪಾಸ್‌ವರ್ಡ್ ಕೇಳುವಾಗ ಸುಡೋ ತನ್ನ ಊರಿನ ಮಾಣಿಗೆ, ಅಂದರೆ ಸರ್ವರ್‌ನವನಿಗೆ, "ಈಗ ತಿರುಗಿ ಹೇಳಬೇಡ" ಅಂದಿತು. ಆತ ಬಾಯಿ ಮುಚ್ಚಿದ. ನನ್ನ ಲ್ಯಾಪ್‌ಟಾಪಿನವನಿಗೆ ಯಾರು ಹೇಳಬೇಕು? ಅದು ಕ್ಲೈಂಟ್ ಬರೆಯುವವರ ಕೆಲಸ. ನಾನು ಹೇಳಿರಲಿಲ್ಲ.

ಪರಿಹಾರ ರಾ ಮೋಡ್. ಹಸಿಹಸಿಯಾಗಿ ದಾಟಿಸುವುದು. ಇಲ್ಲಿಯ ಮಾಣಿಗೆ ಹೇಳುತ್ತೇವೆ: ತಿರುಗಿ ಹೇಳಬೇಡ, ಸಾಲು ಮುಗಿಯಲಿ ಅಂತ ಕಾಯಬೇಡ, ಕಂಟ್ರೋಲ್-ಸಿ ಬಂದರೆ ನೀನು ತೀರ್ಮಾನ ಮಾಡಬೇಡ. ಬಂದ ಬೈಟನ್ನು ಬಂದಹಾಗೇ ಕಳಿಸು. ಕಂಟ್ರೋಲ್-ಸಿ ಅಂದರೆ 3 ಅನ್ನುವ ಸಂಖ್ಯೆಯ ಒಂದು ಬೈಟ್, ಅಷ್ಟೇ. ಅದು ಸರ್ವರ್‌ಗೆ ಹೋಗಿ ಅಲ್ಲಿಯ ಪ್ರೋಗ್ರಾಮನ್ನು ನಿಲ್ಲಿಸುತ್ತದೆ.

ಹಾಗಾದರೆ ಪ್ರಶ್ನೆ ಕೇಳಿದವರಿಗೆ ಉತ್ತರ: ಬಚ್ಚಿಡುವುದು ಸರ್ವರ್. ಇನ್ನೂ ಸರಿಯಾಗಿ ಹೇಳಬೇಕೆಂದರೆ ಅದು ಏನನ್ನೂ ಬಚ್ಚಿಡುವುದಿಲ್ಲ, ಸುಮ್ನೆ ವಾಪಸ್ ಕಳಿಸುವುದಿಲ್ಲ. ಬೇರೆ ಹೊತ್ತಿನಲ್ಲಿ ನೀವು ನೋಡುವ ಒಂದೊಂದು ಅಕ್ಷರವೂ ಸರ್ವರ್‌ಗೆ ಹೋಗಿ ತಿರುಗಿ ಬಂದದ್ದು. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿ 13,000 ಕಿಲೋಮೀಟರಿಗೂ ಜಾಸ್ತಿ ದೂರ. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹೋಗಿ ಬರಲು ಕಡಿಮೆ ಅಂದರೂ 130 ಮಿಲಿಸೆಕೆಂಡ್. ಕೇಬಲ್ ನೇರವಾಗಿ ಹೋಗುವುದಿಲ್ಲ, ಹಾಗಾಗಿ ಇನ್ನೂ ಜಾಸ್ತಿ. ಟೈಪ್ ಮಾಡುವಾಗ ಅಕ್ಷರ ಜಗ್ಗಿದ ಹಾಗೆ ಅನ್ನಿಸುವುದು ಇದಕ್ಕೇ. ನೀವು 'ಅ' ಒತ್ತಿದಿರಿ, ಅದು ಸಮುದ್ರ ದಾಟಿ ಹೋಗಿ ಬಂದು ನಿಮಗೆ ಕಂಡಿತು. ನನಗೆ ಇದು ಎಷ್ಟು ಸಲ ನೆನೆದರೂ ಮೈ ಜುಮ್ ಅನ್ನಿಸುತ್ತದೆ. 2012ರಲ್ಲಿ ಎಂಐಟಿಯಿಂದ ಬಂದ ಮಾಶ್ ಅನ್ನುವ ಪ್ರೋಗ್ರಾಮ್ ಈ ಕಾಯುವಿಕೆ ತಪ್ಪಿಸಲು ಸರ್ವರ್ ಏನು ಹೇಳಬಹುದು ಅಂತ ಊಹಿಸಿ, ಅಕ್ಷರವನ್ನು ಮೊದಲೇ ತೋರಿಸುತ್ತದೆ.

ಇದರಲ್ಲಿ ಒಂದು ಅಪಾಯವೂ ಇದೆ. ಒಂದೊಂದು ಅಕ್ಷರಕ್ಕೂ ಒಂದು ಪ್ಯಾಕೆಟ್ ಹೋಗುತ್ತದೆ, ಒಂದು ವಾಪಸ್ ಬರುತ್ತದೆ. ಒಳಗೇನಿದೆ ಅಂತ ಕಳ್ಳನಿಗೆ ಗೊತ್ತಾಗುವುದಿಲ್ಲ ಸರಿ. ಆದರೆ ಹೋದದ್ದಕ್ಕೆ ಉತ್ತರ ಬರುವುದು ತಟ್ಟನೆ ನಿಂತರೆ? "ಓಹೋ, ಈಗ ಪಾಸ್‌ವರ್ಡ್ ಟೈಪ್ ಮಾಡುತ್ತಿದ್ದಾರೆ" ಅಂತ ಗೊತ್ತಾಗಿಬಿಡುತ್ತದೆ! ಬೆರಳುಗಳ ನಡುವಿನ ಸಮಯ ಅಳೆದು ಅಕ್ಷರಗಳನ್ನೂ ಊಹಿಸಲು ಸುಳಿವು ಸಿಗುತ್ತದೆ ಅಂತ 2001ರಲ್ಲೇ ಬರ್ಕ್ಲಿಯ ಸಂಶೋಧಕರು ತೋರಿಸಿದ್ದರು.

ಅದಕ್ಕೆ ಓಪನ್‌ಎಸ್‌ಎಸ್‌ಎಚ್ ಸರ್ವರ್ ಏನು ಮಾಡುತ್ತದೆ ಗೊತ್ತಾ? ಪಾಸ್‌ವರ್ಡ್‌ನ ಅಕ್ಷರ ಬಂದಾಗ, ಅದನ್ನು ವಾಪಸ್ ಕಳಿಸದೆ, ಅಷ್ಟೇ ಗಾತ್ರದ ಒಂದು ಅರ್ಥವಿಲ್ಲದ ಪ್ಯಾಕೆಟ್ ಕಳಿಸುತ್ತದೆ. ಕ್ಲೈಂಟ್ ಅದನ್ನು ಕಸಕ್ಕೆ ಹಾಕುತ್ತದೆ. ನಿಮ್ಮ ಸ್ಕ್ರೀನ್ ಖಾಲಿ, ತಂತಿ ಮಾತ್ರ ಎಂದಿನಂತೆ ಮಾತಾಡುತ್ತಿರುತ್ತದೆ. 2023ರಲ್ಲಿ ಬಂದ 9.5 ಆವೃತ್ತಿಯಲ್ಲಿ ಕ್ಲೈಂಟ್ ಕಡೆಯಿಂದಲೂ ಕಾವಲು ಸೇರಿತು. ಒತ್ತಿದ ಕೀಗಳನ್ನು 20 ಮಿಲಿಸೆಕೆಂಡಿನ ಸಮ ಅಂತರದಲ್ಲಿ ಕಳಿಸುವುದು, ನಡುನಡುವೆ ಸುಳ್ಳು ಕೀ ಸೇರಿಸುವುದು. ನಮಗೆ ಕಾಣದ ಜಾಗದಲ್ಲಿ ಇಷ್ಟು ಅಕ್ಕರೆಯಿಂದ ಕೆಲಸ ಮಾಡಿದವರಿಗೆ ಒಂದು ನಮಸ್ಕಾರ ಹೇಳಲೇಬೇಕು. ನನ್ನ ಪುಟ್ಟ ಕ್ಲೈಂಟಿನಲ್ಲಿ ಇದು ಇಲ್ಲ. ನಿತ್ಯದ ಕೆಲಸಕ್ಕೆ ದಯವಿಟ್ಟು ಓಪನ್‌ಎಸ್‌ಎಸ್‌ಎಚ್ ಬಳಸಿ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ.

ರಾ ಮೋಡ್‌ಗೆ ಹೋದವರು ಹೊರಡುವಾಗ ಹಳೆಯ ಸ್ಥಿತಿಗೆ ತರಲೇಬೇಕು. ಮಧ್ಯದಲ್ಲಿ ಪ್ರೋಗ್ರಾಮ್ ಬಿದ್ದುಹೋದರೆ ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಜಾರುತ್ತಾ ಹೋಗುತ್ತವೆ, ಟೈಪ್ ಮಾಡಿದ್ದು ಕಾಣುವುದಿಲ್ಲ. ಗಾಬರಿ ಬೇಡ. ಕಾಣದಿದ್ದರೂ 'ರೀಸೆಟ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಕಿಟಕಿಯ ಅಳತೆಯನ್ನೂ ಸರ್ವರ್‌ಗೆ ನಾವೇ ಹೇಳಬೇಕು. ಗೋದಲ್ಲಿ ಅಳತೆ ಕೇಳಿದರೆ ಅಗಲ ಮೊದಲು ಬರುತ್ತದೆ, ಟರ್ಮಿನಲ್ ಕೇಳುವಾಗ ಎತ್ತರ ಮೊದಲು ಕೊಡಬೇಕು. ಅದಲುಬದಲಾದರೆ 24 ಅಕ್ಷರ ಅಗಲದ ಓಣಿಯಲ್ಲಿ ಕೆಲಸ ಮಾಡಬೇಕಾಗುತ್ತದೆ. ಇನ್ನು ಸರ್ವರ್‌ನ ಗುರುತು ಪರೀಕ್ಷೆ. ಇಂಟರ್ನೆಟ್‌ನಲ್ಲಿ ಸಿಗುವ ಎಷ್ಟೋ ಉದಾಹರಣೆಗಳಲ್ಲಿ ಅದನ್ನು ಬಿಟ್ಟೇಬಿಟ್ಟಿರುತ್ತಾರೆ. ಹಾಗೆ ಮಾಡಬೇಡಿ. ಆ ಕಡೆ ಇರುವುದು ಯಾರು ಅಂತ ನೋಡದೆ ಬೀಗ ಹಾಕಿದರೆ, ಕಳ್ಳನ ಜೊತೆಗೇ ಕೋಣೆಯೊಳಗೆ ಕೂತಂತೆ.

ಕೊನೆಯದು ನಮ್ಮ ಕನ್ನಡದ್ದು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿಯಾದ ಯುಟಿಎಫ್-8ನಲ್ಲಿ 'ಕ' ಅಂದರೆ 3 ಬೈಟ್. 'ಕನ್ನಡ' ಅಂದರೆ 15. ಸರ್ವರ್‌ನ ಮಾಣಿಗೆ ಇದು ಗೊತ್ತಿಲ್ಲದಿದ್ದರೆ ಬ್ಯಾಕ್‌ಸ್ಪೇಸ್‌ಗೆ ಒಂದೇ ಬೈಟ್ ತೆಗೆಯುತ್ತಾನೆ. ಸ್ಕ್ರೀನ್ ಮೇಲೆ ಅಕ್ಷರ ಹೋಗಿರುತ್ತದೆ, ಒಳಗೆ 2 ಬೈಟ್ ಉಳಿದಿರುತ್ತವೆ. ಅವನಿಗೆ ಇದನ್ನು ತಿಳಿಸಲು ಎಸ್‌ಎಸ್‌ಎಚ್‌ನಲ್ಲಿ ಒಂದು ಅಧಿಕೃತ ದಾರಿ ಬಂದದ್ದು 2017ರಲ್ಲಿ. ಟರ್ಮಿನಲ್ ಸೆಟ್ಟಿಂಗ್‌ಗಳ ಪಟ್ಟಿಯಲ್ಲಿ ಅದರ ಸಂಖ್ಯೆ 42. ಟರ್ಮಿನಲ್ ಕೇಳುವಾಗ ಆ ಒಂದು ಸಾಲು ಸೇರಿಸಿದರೆ ಸಾಕು.

[ಸ್ಕ್ರೀನ್: ಸರ್ವರ್‌ನಲ್ಲಿ 'ಕ್ಯಾಟ್' ಓಡುತ್ತಿದೆ. 'ಕನ್ನಡ' ಟೈಪ್ ಆಗುತ್ತದೆ.]

ನಿಮ್ಮ ಕ್ಲೈಂಟಿನಲ್ಲೂ ನೋಡಿ. ಸರ್ವರ್‌ಗೆ ಹೋಗಿ, ಸುಮ್ನೆ 'ಕ್ಯಾಟ್' (ಕೊಟ್ಟ ಸಾಲನ್ನು ಹಾಗೇ ವಾಪಸ್ ಬರೆಯುವ ಕಮಾಂಡ್) ಅಂತ ಕೊಟ್ಟು, ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು, ಒಂದೇ ಒಂದು ಬ್ಯಾಕ್‌ಸ್ಪೇಸ್ ಒತ್ತಿ, ಎಂಟರ್ ಕೊಡಿ. ವಾಪಸ್ ಏನು ಬಂತು ಅಂತ ಕೆಳಗೆ ಬರೆಯಿರಿ.