ನಾಡಿ ಎಣಿಸುವ ಮುಂಚೆ ವಯಸ್ಸು ಕೇಳಿ

ಎಲ್ಲರಿಗೂ ನಮಸ್ಕಾರ.

ಒಂದು ಸಂಖ್ಯೆ ಇಟ್ಟುಕೊಂಡು ಮಾತು ಶುರು ಮಾಡುತ್ತೇನೆ. ನಿಮಿಷಕ್ಕೆ 60 ಬಡಿತ. ಆರೋಗ್ಯವಾಗಿರುವ 30 ವರ್ಷದವರು ಸುಮ್ನೆ ಕೂತಿದ್ದಾಗ ನಾಡಿ 60 ಇದ್ದರೆ ಯಾವ ಡಾಕ್ಟರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಈಗಷ್ಟೇ ಹುಟ್ಟಿದ ಕೂಸಿನ ಎದೆಬಡಿತ 100ಕ್ಕಿಂತ ಇಳಿದರೇನೇ ಹೆರಿಗೆ ಕೋಣೆಯಲ್ಲಿ ಎಲ್ಲರೂ ಚುರುಕಾಗುತ್ತಾರೆ. ಉಸಿರು ಕೊಟ್ಟ ಮೇಲೂ 60 ದಾಟದಿದ್ದರೆ ಎದೆ ಒತ್ತಲು ಶುರು ಮಾಡುತ್ತಾರೆ.

ಯಾಕೆ ಇಷ್ಟು ವ್ಯತ್ಯಾಸ? ದೊಡ್ಡವರ ಹೃದಯ ಒಂದು ಸಲ ಹಿಂಡಿದರೆ ಸುಮಾರು 70 ಮಿಲಿಲೀಟರ್ ರಕ್ತ ಹೊರಗೆ ಹೋಗುತ್ತದೆ. ನವಜಾತ ಶಿಶುವಿನಲ್ಲಿ ಅದು ಸುಮಾರು 5 ಮಿಲಿಲೀಟರ್, ಒಂದು ಟೀ ಚಮಚದಷ್ಟು. ಆ ಪುಟ್ಟ ಹೃದಯ ಹೆಚ್ಚು ಹಿಗ್ಗಿ ಜಾಸ್ತಿ ರಕ್ತ ತುಂಬಿಕೊಳ್ಳಲಾರದು. ಬೆಳೆಯುವ ಮೈಗೆ ಆಮ್ಲಜನಕವೋ ಬೇಕಾದಷ್ಟು ಬೇಕು. ಹಾಗಾಗಿ ಬೇಗ ಬೇಗ ಬಡಿಯುವುದೊಂದೇ ಅದಕ್ಕಿರುವ ದಾರಿ.

ಎಚ್ಚರವಾಗಿರುವ ಎಳೆಗೂಸಿಗೆ 100ರಿಂದ 160 ಸಾಮಾನ್ಯ. ಅತ್ತರೆ ಇನ್ನೂ ಏರುತ್ತದೆ, ನಿದ್ದೆ ಮಾಡಿದಾಗ 100ರ ಕೆಳಗೂ ಇಳಿಯಬಹುದು. ಎರಡು ವರ್ಷದ ಹೊತ್ತಿಗೆ ಹೆಚ್ಚುಕಮ್ಮಿ 98ರಿಂದ 140. ನಾಲ್ಕೈದು ವರ್ಷಕ್ಕೆ 80ರಿಂದ 120. ಶಾಲೆಗೆ ಹೋಗುವ ಮಕ್ಕಳಲ್ಲಿ 75ರಿಂದ 118. ಹದಿಹರೆಯಕ್ಕೆ ಬಂದಾಗ 60ರಿಂದ 100ಕ್ಕೆ ಬಂದು ನಿಲ್ಲುತ್ತದೆ. ಪುಸ್ತಕದಿಂದ ಪುಸ್ತಕಕ್ಕೆ ಈ ಅಂಕಿಗಳು ಒಂದಿಷ್ಟು ಆಚೀಚೆ ಇರುತ್ತವೆ, ಅದಕ್ಕೆ ಗಾಬರಿ ಬೇಡ.

ಇನ್ನೊಂದು ಸ್ವಾರಸ್ಯ. ಹೃದಯದ ಮೇಲ್ಭಾಗದಲ್ಲಿ ಬಡಿತ ಹುಟ್ಟಿಸುವ ಒಂದು ಚಿಕ್ಕ ಗಂಟು ಇದೆ. ದೊಡ್ಡವರಲ್ಲೂ ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ 100ರ ಆಸುಪಾಸು ಬಡಿಯುತ್ತದೆ. ಮೆದುಳಿನಿಂದ ಇಳಿದು ಬರುವ ವೇಗಸ್ ನರ ಅದನ್ನು ಸದಾ ಹಿಡಿದು ನಿಧಾನ ಮಾಡುತ್ತಿರುತ್ತದೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಈ ನರದ ಸಂಪರ್ಕ ಕಡಿದಿರುತ್ತದೆ. ಅದಕ್ಕೇ ಅವರ ನಾಡಿ ಕೂತಾಗಲೂ 90, 100 ಇರುತ್ತದೆ. ಚೆನ್ನಾಗಿ ಪಳಗಿದ ಓಟಗಾರರದು ಇದಕ್ಕೆ ತಿರುಗುಮುರುಗು: 40ರ ಆಸುಪಾಸು ಇದ್ದರೂ ಆರಾಮಾಗಿರುತ್ತಾರೆ.

ವಯಸ್ಸಾದಂತೆ ಕೂತಾಗಿನ ನಾಡಿ ಏರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. 25ರಲ್ಲೂ 75ರಲ್ಲೂ ಅದೇ 60ರಿಂದ 100. ಇಳಿಯುವುದು ಗರಿಷ್ಠ ಬಡಿತ, ಅಂದರೆ ಜೋರಾಗಿ ದುಡಿದಾಗ ಹೃದಯ ಮುಟ್ಟಬಲ್ಲ ವೇಗ. 220ರಲ್ಲಿ ವಯಸ್ಸು ಕಳೆದರೆ ಅದರ ಒಂದು ಅಂದಾಜು ಸಿಗುತ್ತದೆ. ಹಿರಿಯರಲ್ಲಿ ನಾನು ಎಣಿಕೆಗಿಂತ ತಾಳಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಬಡಿತ ಅಡ್ಡಾದಿಡ್ಡಿಯಾಗಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ತೊಂದರೆ, ಇರಬಹುದು. ಅದರಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಎಣಿಕೆ 80 ಬಂತು ಅಂತ ಸುಮ್ಮನಿದ್ದರೆ ಅದು ಕೈ ತಪ್ಪಿ ಹೋಗುತ್ತದೆ. ಆದರೆ ಮಕ್ಕಳಲ್ಲಿ ಉಸಿರು ಎಳೆದಾಗ ನಾಡಿ ಚೂರು ಬೇಗ, ಬಿಟ್ಟಾಗ ಚೂರು ನಿಧಾನ ಆಗುವುದು ಸಹಜ.

60ರಿಂದ 100 ಅನ್ನುವುದು ತುಂಬ ಅಗಲವಾದ ಪಟ್ಟಿ, ಅಲ್ವಾ? ಯಾವಾಗಲೂ 62 ಇರುವವರಿಗೆ ವಾರವಿಡೀ 88 ಬಂದರೆ ಪಟ್ಟಿಯ ಪ್ರಕಾರ ಸರಿಯೇ. ಆದರೂ ಕಾರಣ ಹುಡುಕಬೇಕು. ಜ್ವರ ಇರಬಹುದು; ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಸುಮಾರು 10 ಏರುತ್ತದೆ. ರಕ್ತಹೀನತೆ, ಥೈರಾಯ್ಡ್, ನೀರು ಸಾಲದಿರುವುದು, ಬಸಿರು, ಇವೂ ಕಾರಣವಾಗುತ್ತವೆ. ಕೆಲವು ಬಿಪಿ ಮಾತ್ರೆಗಳು ನಾಡಿಯನ್ನು ಇಳಿಸುತ್ತವೆ. ಆದ್ದರಿಂದ ನಿಮ್ಮ ಮಾಮೂಲಿ ಎಣಿಕೆ ಎಷ್ಟು ಎಂದು ಆರೋಗ್ಯವಾಗಿದ್ದಾಗಲೇ ತಿಳಿದಿಟ್ಟುಕೊಳ್ಳಿ.

ಎಣಿಸುವುದು ಸುಲಭ. ಐದು ನಿಮಿಷ ಕೂತು, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳು ಇಡಿ. ಹೆಬ್ಬೆರಳಿನಿಂದ ಮುಟ್ಟಬೇಡಿ, ಅದರದ್ದೇ ಬಡಿತ ಕೈಗೆ ಸಿಗುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ಕಾಫಿ ಕುಡಿದ ಕೂಡಲೇ, ಮೆಟ್ಟಿಲು ಹತ್ತಿದ ಕೂಡಲೇ ಬೇಡ. ಅಳುತ್ತಿರುವ ಮಗುವಿನ ಎಣಿಕೆಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ.

ದೊಡ್ಡವರಲ್ಲಿ ಸುಮ್ಮನೆ ಕೂತಾಗಲೂ ಮತ್ತೆ ಮತ್ತೆ 100 ದಾಟಿದರೆ, ಅಥವಾ ನಾಡಿ ನಿಧಾನವಾಗಿ ತಲೆಸುತ್ತು ಬಂದರೆ ಡಾಕ್ಟರಿಗೆ ತೋರಿಸಿ. ಎದೆನೋವು, ಉಸಿರುಗಟ್ಟುವುದು, ಎಚ್ಚರ ತಪ್ಪುವುದು ಜೊತೆಗಿದ್ದರೆ ಎಣಿಸುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ಕೂಸು ಹಾಲು ಕುಡಿಯದೆ ಮಂಕಾಗಿದ್ದರೆ, ತುಟಿ ನೀಲಿಯಾಗಿದ್ದರೆ ಆಗಲೂ ಅಷ್ಟೇ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.